ಬೇರಿಂಗ್ ತಿಂದದ್ದು ಧೂಳಲ್ಲ

ಹೊಸಪೇಟೆಯಿಂದ ಹಂಪಿಯ ಕಡೆ ಹೊರಟ ಕಾರು ಮಲಪನಗುಡಿ ದಾಟಿ ಸ್ವಲ್ಪ ವೇಗ ಹಿಡಿದಾಗ ಹಿಂದಿನ ಗಾಲಿಯಿಂದ ‘ಗುಂಯ್’ ಎಂಬ ಸದ್ದು ಏಳುತ್ತದೆ ಅಂದುಕೊಳ್ಳಿ. ಕಾರಣ ಕೇಳಿದರೆ ಈ ಸೀಮೆಯಲ್ಲಿ ಸಿಗುವುದು ಒಂದೇ ಉತ್ತರ. “ಧೂಳು ಸಾರ್. ಸಂಡೂರಿನ ಕೆಮ್ಮಣ್ಣು ಬೇರಿಂಗ್ ತಿಂದು ಹಾಕ್ತೈತಿ. ಇಲ್ಲಿ ಅದರ ಬಾಳಿಕಿನ ಇಷ್ಟು.” ಗ್ಯಾರೇಜಿನವರು ಇದನ್ನು ಹೇಳುತ್ತಾರೆ, ಸ್ಪೇರ್ ಪಾರ್ಟ್ಸ್ ಅಂಗಡಿಯವರು ಹೌದೌದು ಎನ್ನುತ್ತಾರೆ, ಟ್ಯಾಕ್ಸಿ ಓಡಿಸುವವರು ತಮ್ಮ ತಮ್ಮ ಗಾಡಿಯ ಉದಾಹರಣೆ ಸೇರಿಸುತ್ತಾರೆ, ಕಾರಿನ ಯಜಮಾನರು ದುಡ್ಡು ಕೊಟ್ಟು ಹೋಗುತ್ತಾರೆ. ವರ್ಷ ತುಂಬುವುದರೊಳಗೆ ಅದೇ ಗಾಲಿ, ಅದೇ ಸದ್ದು, ಅದೇ ಉತ್ತರ.

ಈ ಉತ್ತರವನ್ನು ನಾನು ಒಪ್ಪುವುದಿಲ್ಲ. ಇಲ್ಲಿ ಧೂಳಿಲ್ಲ ಎಂದು ಹೇಳುತ್ತಿಲ್ಲ; ಬೇಸಿಗೆಯಲ್ಲಿ ಸಂಡೂರಿನ ದಾರಿಯ ಗಿಡಗಳ ಎಲೆ ಯಾವ ಬಣ್ಣದಲ್ಲಿರುತ್ತದೆ ಎಂದು ನೋಡಿದವರಿಗೆ ಅದನ್ನು ಹೇಳಬೇಕಾಗಿಯೂ ಇಲ್ಲ. ನನ್ನ ತಕರಾರು ಇಷ್ಟು: ಈಗಿನ ಕಾರುಗಳ ಹಿಂದಿನ ಗಾಲಿಯ ಬೇರಿಂಗ್ ಬೇಗ ಬೇಗ ಹೋಗುತ್ತಿದ್ದರೆ ಅದನ್ನು ಕೊಲ್ಲುತ್ತಿರುವುದು ಹೆಚ್ಚಾಗಿ ಅದನ್ನು ಕೂರಿಸುವ ಕೈ. ಧೂಳಿನ ಮೇಲೆ ಆರೋಪ ಹೊರಿಸುವುದರಿಂದ ಆ ಕೈ ತಪ್ಪಿಸಿಕೊಳ್ಳುತ್ತದೆ, ಕೆಲಸ ಸುಧಾರಿಸುವುದಿಲ್ಲ, ಮುಂದಿನ ಬೇರಿಂಗ್ ಕೂಡ ಅದೇ ದಾರಿ ಹಿಡಿಯುತ್ತದೆ.

ಇದಕ್ಕೆ ಪುರಾವೆ ದೂರ ಹುಡುಕಬೇಕಿಲ್ಲ. ಷೋರೂಮಿನಿಂದ ತಂದ ಕಾರಿನಲ್ಲಿ ಕಾರ್ಖಾನೆಯವರೇ ಕೂರಿಸಿದ ಬೇರಿಂಗ್ ಎಷ್ಟು ದೂರ ಓಡಿತು ಎಂದು ಇದೇ ಊರುಗಳ ಯಜಮಾನರನ್ನು ಕೇಳಿ ನೋಡಿ. ಲಕ್ಷ ಕಿಲೋಮೀಟರ್ ಸದ್ದಿಲ್ಲದೆ ದಾಟಿದ ಗಾಡಿಗಳು ಇಲ್ಲಿ ಬೇಕಾದಷ್ಟಿವೆ. ಅದೇ ಗಾಡಿ, ಅದೇ ತೋರಣಗಲ್ಲು, ಸಂಡೂರು, ಕಂಪ್ಲಿ ದಾರಿ, ಅದೇ ಧೂಳು. ಮೊದಲ ಬೇರಿಂಗ್ ಹೋದ ಮೇಲೆ ಹಾಕಿದ ಎರಡನೆಯದು ಮಾತ್ರ ವರ್ಷಕ್ಕೇ ಗೊಣಗಲು ಶುರು ಮಾಡುತ್ತದೆ. ಎರಡರ ನಡುವೆ ಬದಲಾದದ್ದು ಊರಲ್ಲ. ಬೇರಿಂಗ್ ಕೊಂಡ ಅಂಗಡಿ ಮತ್ತು ಕೂರಿಸಿದ ಜಾಗ.

ಹಾಗಾದರೆ ಧೂಳಿನ ಮಾತು ಹುಟ್ಟಿದ್ದೆಲ್ಲಿ? ಸುಮ್ಮನೆ ಹುಟ್ಟಿದ್ದಲ್ಲ. ಈ ಭಾಗದ ರೈತರು ಮೊದಲು ಕಂಡದ್ದು ಮರದ ಗುಂಬದೊಳಗೆ ಕಬ್ಬಿಣದ ಅಚ್ಚು ತಿರುಗುವ ಬಂಡಿ. ಅದಕ್ಕೆ ಆಗಾಗ ಗಾಲಿ ಸರಿಸಿ ಕೀಲೆಣ್ಣೆ ಹಾಕದಿದ್ದರೆ ಅಚ್ಚು ಸವೆಯುತ್ತಿತ್ತು. ಆಮೇಲೆ ಟೈರ್ ಬಂಡಿ ಬಂತು, ಟ್ರ್ಯಾಕ್ಟರ್ ಟ್ರೇಲರ್ ಬಂತು. ಇವುಗಳ ಹಬ್ಬಿನಲ್ಲಿರುವುದು ಬಿಚ್ಚಿ, ತೊಳೆದು, ಗ್ರೀಸ್ ತುಂಬಿ ಮತ್ತೆ ಕೂರಿಸಬಹುದಾದ ತೆರೆದ ರೋಲರ್ ಬೇರಿಂಗ್. ಹಿಂಬದಿಯ ಸೀಲ್ ಹರಿದರೆ ಗದ್ದೆಯ ಕೆಸರೂ ರಸ್ತೆಯ ಧೂಳೂ ನೇರವಾಗಿ ಒಳಗೆ. ಕಬ್ಬು ಹೇರಿದ ಟ್ರೇಲರಿನ ಹಬ್ ಬಿಚ್ಚಿದಾಗ ಗ್ರೀಸಿನ ಜಾಗದಲ್ಲಿ ಕೆಂಪು ರಾಡಿ ಸಿಗುವುದು ಈ ಕಡೆ ಯಾರಿಗೂ ಹೊಸದಲ್ಲ. ಮೇಲೆ ಗಣಿಯ ಹುಚ್ಚು ಹಿಡಿದಿದ್ದ ವರ್ಷಗಳು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸುವವರೆಗೆ ಅದಿರಿನ ಲಾರಿಗಳು ಮಿತಿಮೀರಿದ ಹೊರೆ ಹೊತ್ತು ಹಗಲು ರಾತ್ರಿ ಇದೇ ರಸ್ತೆಗಳನ್ನು ಅರೆದವು. ಅವುಗಳ ಹಬ್ ಬಿಚ್ಚಿ ಕೈ ಪಳಗಿಸಿಕೊಂಡ ಮೆಕ್ಯಾನಿಕ್‌ಗಳಿಗೆ ಧೂಳೇ ವೈರಿಯಾಗಿ ಕಂಡದ್ದು ಸಹಜ, ಅವರ ಮಟ್ಟಿಗೆ ಅದು ನಿಜವೂ ಹೌದು.

ಆದರೆ ಆ ಅನುಭವವನ್ನು ಹಾಗೇ ಎತ್ತಿ ಕಾರಿನ ಮೇಲೆ ಹೊರಿಸಿದ್ದು ತಪ್ಪು. ಕಾರಿನ ಹಿಂದಿನ ಗಾಲಿಯ ಬೇರಿಂಗ್ ಬೇರೆ ಜಾತಿಯದು. ಮಾರುತಿ 800, ಹಳೆಯ ಆಲ್ಟೊಗಳಂಥ ಕಾರುಗಳಲ್ಲಿ ಅದು ಹಿಂದಿನ ಬ್ರೇಕ್ ಡ್ರಮ್ಮಿನ ನಡುವೆಯೇ ಬಿಗಿಯಾಗಿ ಕೂರುತ್ತದೆ. ಈಚಿನ ಅನೇಕ ಕಾರುಗಳಲ್ಲಿ ಎರಡು ಸಾಲು ಗುಂಡುಗಳ ಒಂದೇ ಬೇರಿಂಗ್. ಇನ್ನು ಕೆಲವು ಕಾರುಗಳಲ್ಲಿ ಹಬ್ಬೂ ಬೇರಿಂಗೂ ಸೇರಿ ಒಂದೇ ಸಾಮಾನು. ನಾಲ್ಕು ಬೋಲ್ಟ್ ಬಿಚ್ಚಿ ಇಡಿಯಾಗಿ ಬದಲಿಸಬೇಕು. ಬೊಲೆರೊ, ಇನ್ನೋವಾಗಳಂಥ ಹಿಂಗಾಲಿ ಎಳೆಯುವ ಗಾಡಿಗಳದ್ದು ಮತ್ತೊಂದು ಕಥೆ: ಬೇರಿಂಗ್ ಕೂರುವುದು ಆಕ್ಸಲ್ ಶಾಫ್ಟಿನ ಮೇಲೆ, ಪಕ್ಕದ ಸೀಲ್ ಹೋದರೆ ಗೇರ್ ಎಣ್ಣೆ ಬ್ರೇಕ್ ಶೂ ಮೇಲೆ ಇಳಿಯುತ್ತದೆ. ಮೊದಲು ಹೇಳಿದ ಕಾರುಗಳ ಬೇರಿಂಗುಗಳಿಗೆ ಕಾರ್ಖಾನೆಯಲ್ಲೇ ಅಳತೆಯ ಗ್ರೀಸ್ ತುಂಬಿ ಸೀಲ್ ಮುಚ್ಚಿರುತ್ತಾರೆ. ನಾವು ಗ್ರೀಸ್ ಹಾಕುವ ಪ್ರಶ್ನೆಯೇ ಇಲ್ಲ. ಆದರೂ ಹೊಸ ಬೇರಿಂಗಿನ ಸೀಲನ್ನು ಸ್ಕ್ರೂಡ್ರೈವರಿನ ತುದಿಯಿಂದ ಎಬ್ಬಿಸಿ, ‘ಧೂಳಿನ ಊರು, ಒಂದೀಟು ಜಾಸ್ತಿ ಇರ್ಲಿ’ ಎಂದು ಗ್ರೀಸ್ ಒತ್ತಿ ತುಂಬುವುದನ್ನು ಇಲ್ಲಿ ನೋಡಬಹುದು. ಅದು ಬಂಡಿಯ ಕಾಲದ ಕಾಳಜಿ. ಬೇರಿಂಗಿನೊಳಗೆ ಗ್ರೀಸ್ ಕಿಕ್ಕಿರಿದರೆ ಗುಂಡುಗಳು ಅದನ್ನು ಕಡೆದೂ ಕಡೆದೂ ಬಿಸಿಯಾಗುತ್ತವೆ, ಗ್ರೀಸ್ ಕರಗುತ್ತದೆ, ಒಮ್ಮೆ ಎಬ್ಬಿಸಿದ ಸೀಲಿನ ಅಂಚಿನಿಂದ ಹೊರಗೆ ಬರುತ್ತದೆ. ಅದು ಬಂದ ದಾರಿಯಲ್ಲೇ ಧೂಳು ಒಳಗೆ ಹೋಗುತ್ತದೆ.

ಧೂಳಿಗೆ ಬಾಗಿಲು ತೆರೆದುಕೊಡುವ ಇನ್ನೊಂದು ಕೆಲಸ ಅಂಗಡಿಯ ಕೌಂಟರಿನಲ್ಲೇ ನಡೆಯುತ್ತದೆ. ಬೇರಿಂಗಿನ ಮೇಲೆ ಒಂದು ನಂಬರ್ ಇರುತ್ತದೆ. 6204 ಅಂತ ಇದ್ದರೆ ಕೊನೆಯ 04ನ್ನು ಐದರಿಂದ ಗುಣಿಸಿ. ಒಳರಂಧ್ರ 20 ಮಿಲಿಮೀಟರ್. ಹೊರ ಅಳತೆ 47, ದಪ್ಪ 14. ನಮ್ಮ ಕಡೆ ವ್ಯಾಪಾರ ಇಷ್ಟಕ್ಕೇ ಮುಗಿಯುತ್ತದೆ. ಆದರೆ ನಂಬರಿನ ಹಿಂದೆ ಬರುವ ಅಕ್ಷರಗಳಲ್ಲಿ ಬೇರಿಂಗಿನ ಆಯುಸ್ಸು ಕೂತಿದೆ. ‘2ಆರ್‌ಎಸ್’ ಎಂದಿದ್ದರೆ ಎರಡೂ ಬದಿಗೆ ರಬ್ಬರಿನ ಸೀಲ್, ಅದರ ತುಟಿ ಒಳರೇಸಿಗೆ, ಅಂದರೆ ಗುಂಡುಗಳ ಒಳಬದಿಯ ಉಕ್ಕಿನ ಬಳೆಗೆ, ತಾಗಿ ನಿಲ್ಲುತ್ತದೆ. ‘ಝಡ್‌ಝಡ್’ ಎಂದಿದ್ದರೆ ತಗಡಿನ ಮುಚ್ಚಳ, ಅದಕ್ಕೂ ಒಳರೇಸಿಗೂ ನಡುವೆ ಸಣ್ಣ ಸಂದು. ಫ್ಯಾನಿಗೆ, ಮೋಟರಿಗೆ ಎರಡನೆಯದು ಸಾಕು. ರಬ್ಬರ್ ಸೀಲಿನದು ಇರಬೇಕಾದ ಗಾಲಿಗೆ ಅದನ್ನು ಹಾಕಿದರೆ ಕೆಮ್ಮಣ್ಣಿಗೂ ಕಾಲುವೆಯ ನೀರಿಗೂ ಆ ಸಂದು ಧಾರಾಳವಾಯಿತು. ಅಳತೆ ಒಂದೇ ಆದ್ದರಿಂದ ಡ್ರಮ್ಮಿನೊಳಗೆ ಸಲೀಸಾಗಿ ಕೂರುತ್ತದೆ, ಬೆಲೆಯೂ ತುಸು ಕಡಿಮೆ. ಆರು ತಿಂಗಳಿಗೆ ಬೇರಿಂಗ್ ಕೆಂಪಾಗಿ ಹೊರಬಂದಾಗ ಎಲ್ಲರೂ ರಸ್ತೆಯ ಕಡೆ ಕೈ ತೋರಿಸುತ್ತಾರೆ. ಸಂದುಬಿಟ್ಟ ಬೇರಿಂಗನ್ನು ಆರಿಸಿದ್ದು ರಸ್ತೆಯೇನೂ ಅಲ್ಲ. ಹೆಸರಾಂತ ಕಂಪನಿಗಳ ಡಬ್ಬಿಯಲ್ಲಿ ಬರುವ ನಕಲಿ ಮಾಲಿನ ಕಾಟ ದೇಶದ ತುಂಬ ಇದೆ. ಡಬ್ಬಿಯ ಮೇಲಿನ ಅಕ್ಷರ ಮಸುಕಾಗಿದ್ದರೆ, ಬೇರಿಂಗಿನ ಮೇಲಿನ ನಂಬರ್ ಡಬ್ಬಿಗೆ ತಾಳೆಯಾಗದಿದ್ದರೆ, ಬಿಲ್ ಕೊಡಲು ಅಂಗಡಿಯವರು ಹಿಂದೆಮುಂದೆ ನೋಡಿದರೆ ಅಲ್ಲಿಂದ ಎದ್ದು ಬರುವುದೇ ಸರಿ.

ಈಗ ಈ ವಾದದ ಜೀವಾಳಕ್ಕೆ ಬರುತ್ತೇನೆ. ಧೂಳು ತಿಂದಿತೋ ಇಲ್ಲವೋ ಎಂದು ಊಹಿಸುತ್ತ ಕೂರಬೇಕಾಗಿಲ್ಲ. ಸತ್ತ ಬೇರಿಂಗನ್ನು ಬಿಚ್ಚಿದರೆ ಅದೇ ಹೇಳುತ್ತದೆ. ನಮ್ಮ ಕಡೆ ಅದನ್ನು ಯಾರೂ ಬಿಚ್ಚುವುದಿಲ್ಲ. ಡ್ರಮ್ಮಿನಿಂದ ಕೆಡವಿದ ತಕ್ಷಣ ಅದು ಮೂಲೆಯ ಗುಜರಿ ಡಬ್ಬಿಗೆ ಬೀಳುತ್ತದೆ. ನನ್ನ ಒತ್ತಾಯಕ್ಕೆ ಹೊಸಪೇಟೆಯ ಒಂದು ಲೇಥ್ ಅಂಗಡಿಯಲ್ಲಿ ಅಂಥದೊಂದನ್ನು ಡಬ್ಬಿಯಿಂದ ಮೇಲೆತ್ತಿ ಗ್ರೈಂಡರಿನಲ್ಲಿ ಹೊರರೇಸನ್ನು ಕೊಯ್ದರು. ಸೀಮೆಎಣ್ಣೆಯಲ್ಲಿ ತೊಳೆದು ಬಟ್ಟೆಯಲ್ಲಿ ಒರೆಸಿದಾಗ ಒಳಗಿನ ಓಟದ ಹಾದಿ ಕನ್ನಡಿಯ ಹಾಗೆ ಹೊಳೆಯಿತು. ಅದರ ಮೇಲೆ ಸಮದೂರದಲ್ಲಿ ಸಾಲಾಗಿ ಚಿಕ್ಕ ಚಿಕ್ಕ ತಗ್ಗುಗಳು. ಉಗುರು ಆಡಿಸಿದರೆ ಒಂದೊಂದಕ್ಕೂ ತಟ್ಟಿ ನಿಲ್ಲುತ್ತಿತ್ತು. ಕೇಜಿನಲ್ಲಿದ್ದ ಗುಂಡುಗಳನ್ನು ಮತ್ತೆ ಅದರ ಮೇಲಿಟ್ಟರೆ ಪ್ರತಿ ತಗ್ಗಿಗೂ ಒಂದು ಗುಂಡು ಸರಿಯಾಗಿ ಹೊಂದಿತು. ಎರಡು ತಗ್ಗಿನ ಅಂಚಿನಲ್ಲಿ ಉಕ್ಕು ಚಕ್ಕೆ ಎದ್ದಿತ್ತು. ಗ್ರೀಸ್ ಕಂದಿತ್ತು, ಆದರೆ ಬೆರಳಲ್ಲಿ ತಿಕ್ಕಿದರೆ ಮರಳಿನ ಗರಗರ ಇರಲಿಲ್ಲ. ಲೇಥಿನ ಹಿರಿಯರು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ ಅಂದದ್ದು ಒಂದೇ ಮಾತು: “ಇದು ಸುತ್ತಿಗಿ ಪೆಟ್ಟು ತಮ್ಮಾ.”

ಅವರ ಮಾತಿನ ಹಿಂದೆ ನೂರಿಪ್ಪತ್ತು ವರ್ಷಕ್ಕೂ ಹಳೆಯ ಅರಿವಿದೆ. ಸ್ವೀಡನ್ನಿನ ಯೋಹಾನ್ ಆಗಸ್ಟ್ ಬ್ರಿನೆಲ್ 1900ರಲ್ಲಿ ಲೋಹದ ಗಡಸುತನ ಅಳೆಯುವ ವಿಧಾನವೊಂದನ್ನು ತೋರಿಸಿದರು. ಗಟ್ಟಿ ಉಕ್ಕಿನ ಗುಂಡನ್ನು ಗೊತ್ತಾದ ಭಾರದಿಂದ ಲೋಹದ ಮೇಲೆ ಒತ್ತುವುದು, ಬಿದ್ದ ಗುಳಿಯನ್ನು ಅಳೆಯುವುದು. ಬೇರಿಂಗನ್ನು ಡ್ರಮ್ಮಿಗೆ ಇಳಿಸುವಾಗ ಒಳರೇಸಿನ ಮೇಲೆ ಸುತ್ತಿಗೆ ಹಾಕಿದರೆ ಅದೇ ಪ್ರಯೋಗ ನಮ್ಮ ಬೇರಿಂಗಿನೊಳಗೆ ನಡೆಯುತ್ತದೆ. ಡ್ರಮ್ಮಿಗೆ ಬಿಗಿಯಾಗಿ ಕೂರಬೇಕಾದದ್ದು ಹೊರರೇಸ್. ಪೆಟ್ಟು ಬಿದ್ದದ್ದು ಒಳರೇಸಿಗೆ. ಆ ಪೆಟ್ಟು ಹೊರರೇಸನ್ನು ತಲುಪಬೇಕಾದರೆ ಗುಂಡುಗಳ ಮೂಲಕವೇ ಹಾಯಬೇಕು. ಗುಂಡು ರೇಸಿಗೆ ತಾಗುವ ಜಾಗ ಸಾಸಿವೆ ಕಾಳಿಗಿಂತ ಕಿರಿದು. ಅಷ್ಟು ಕಿರಿದಾದ ಜಾಗದಲ್ಲಿ ಸುತ್ತಿಗೆಯ ಪೂರ್ತಿ ಬಲ ಇಳಿದರೆ ಗಟ್ಟಿ ಉಕ್ಕೂ ತಗ್ಗುತ್ತದೆ. ಬೇರಿಂಗ್ ಹೊಸದು, ಕೈಯಲ್ಲಿ ತಿರುವಿದರೆ ನುಣ್ಣಗೆ ತಿರುಗುತ್ತದೆ, ಯಜಮಾನರು ಖುಷಿಯಾಗಿ ಮನೆಗೆ ಹೋಗುತ್ತಾರೆ. ತಗ್ಗಿನ ಅಂಚಿನ ಮೇಲೆ ಗುಂಡು ಕುಪ್ಪಳಿಸಿ ಕುಪ್ಪಳಿಸಿ ಚಕ್ಕೆ ಏಳಲು ಕೆಲವು ತಿಂಗಳು ಬೇಕು. ಅಷ್ಟರಲ್ಲಿ ಸುತ್ತಿಗೆ ಮರೆತುಹೋಗಿರುತ್ತದೆ, ಧೂಳು ಮಾತ್ರ ಕಣ್ಣ ಮುಂದಿರುತ್ತದೆ.

ಬೇರೆ ಸಾವುಗಳಿಗೆ ಬೇರೆ ಗುರುತುಗಳಿವೆ. ಧೂಳೇ ಕೊಂದಿದ್ದರೆ ಓಟದ ಹಾದಿಯ ಹೊಳಪು ಪೂರ್ತಿ ಹೋಗಿ ಬೂದುಬಣ್ಣಕ್ಕೆ ತಿರುಗಿರುತ್ತದೆ, ಗುಂಡುಗಳೂ ಮಂಕು, ಗ್ರೀಸಿನಲ್ಲಿ ಗರಗರ. ನೀರು ಹೊಕ್ಕಿದ್ದರೆ ತುಕ್ಕಿನ ಕಂದು ಕಲೆ, ಎಷ್ಟೋ ಸಲ ಗಾಡಿ ನಿಂತಾಗ ಗುಂಡು ಕೂತಿದ್ದ ಜಾಗದಲ್ಲೇ. ಕಾವು ಹೆಚ್ಚಿದ್ದರೆ ಉಕ್ಕು ಹಳದಿ, ನೀಲಿ ಬಣ್ಣಕ್ಕೆ ತಿರುಗಿರುತ್ತದೆ. ಆಗ ಬೇರಿಂಗನ್ನು ಬಿಟ್ಟು ಹ್ಯಾಂಡ್‌ಬ್ರೇಕಿನ ಕೇಬಲ್ ಹಿಡಿದುಕೊಂಡಿದೆಯೇ ಎಂದು ಮೊದಲು ನೋಡಬೇಕು. ಇದ್ಯಾವುದೂ ಇಲ್ಲದೆ ಹಾದಿಯ ಒಂದು ಕಡೆ ಮಾತ್ರ ಚಕ್ಕೆ ಎದ್ದಿದ್ದರೆ ಅದು ದುಡಿದು ದಣಿದ ಬೇರಿಂಗ್, ಅದಕ್ಕೆ ಸಲ್ಲಬೇಕಾದ ಆಯುಸ್ಸು ಸಂದಿದೆ.

ಆ ದಣಿವಿನ ಲೆಕ್ಕವೂ ನಮ್ಮ ಮಾತುಕತೆಯಲ್ಲಿ ಬರುವುದಿಲ್ಲ. ಆಲ್ಟೊಗೆ ಹಾಕುವ 145/80 ಆರ್12 ಟೈರು ಒಂದು ಕಿಲೋಮೀಟರಿಗೆ ಹತ್ತಿರಹತ್ತಿರ 590 ಸುತ್ತು ಹಾಕುತ್ತದೆ. ಲಕ್ಷ ಕಿಲೋಮೀಟರ್ ಅಂದರೆ ಸುಮಾರು ಆರು ಕೋಟಿ ಸುತ್ತು. ಬೇರಿಂಗಿನ ಆಯುಸ್ಸು ಹೊರೆಯ ಜೊತೆ ಹೇಗೆ ಕುಗ್ಗುತ್ತದೆ ಎಂಬುದಕ್ಕೆ ಸ್ವೀಡನ್ನಿನ ಲುಂಡ್‌ಬರ್ಗ್ ಮತ್ತು ಪಾಮ್‌ಗ್ರೆನ್ 1947ರಲ್ಲಿ ಕೊಟ್ಟ ಸೂತ್ರವನ್ನೇ ಜಗತ್ತು ಇಂದಿಗೂ ಆಧಾರವಾಗಿ ಇಟ್ಟುಕೊಂಡಿದೆ. ಗುಂಡಿನ ಬೇರಿಂಗಿಗೆ ಹೊರೆ ಎರಡು ಪಟ್ಟಾದರೆ ಆಯುಸ್ಸು ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಹೊರೆ ಕಾಲು ಭಾಗ ಹೆಚ್ಚಿದರೂ ಆಯುಸ್ಸು ಅರ್ಧಕ್ಕೆ ಬಂತು. ಹಂಪಿ ನೋಡಲು ಬಂದ ಇಡೀ ಕುಟುಂಬವನ್ನು ಹಿಂದಿನ ಸೀಟಿಗೆ ತುಂಬಿ, ಡಿಕ್ಕಿಯಲ್ಲಿ ಸಾಮಾನು ಇಟ್ಟು, ಮೇಲೆ ಕ್ಯಾರಿಯರ್ ಕಟ್ಟಿದರೆ ಆ ಹೆಚ್ಚುವರಿ ಭಾರದ ದೊಡ್ಡ ಪಾಲು ಬೀಳುವುದು ಹಿಂದಿನ ಎರಡು ಗಾಲಿಗಳ ಮೇಲೆ. ಟ್ಯಾಕ್ಸಿಯವರು ಹೊಟ್ಟೆಪಾಡಿಗೆ ಮಾಡುವ ಕೆಲಸ ಅದು, ನಾನು ದೂರುವುದಿಲ್ಲ. ಆದರೆ ಗಾಡಿಯ ಖರ್ಚು ಬರೆದಿಡುವಾಗ ಅದು ಧೂಳಿನ ಲೆಕ್ಕಕ್ಕೆ ಹೋಗಬಾರದು.

ಇನ್ನು, ತೆಗೆದ ಬೇರಿಂಗನ್ನು ಕೊಯ್ದು ನೋಡಿದಾಗ ಅದರಲ್ಲಿ ಯಾವ ದೋಷವೂ ಇಲ್ಲದಿದ್ದರೆ? ಹಾಗೂ ಆಗುತ್ತದೆ. ಆಗ ರೋಗಪತ್ತೆಯೇ ತಪ್ಪಿತ್ತು ಎಂದರ್ಥ. ಹಿಂದಿನಿಂದ ಗುಂಯ್‌ಗುಟ್ಟಿದರೆ ಬೇರಿಂಗ್ ಎಂಬುದು ಧೂಳಿನಷ್ಟೇ ಬೇರೂರಿದ ಇನ್ನೊಂದು ನಂಬಿಕೆ. ಅಲೈನ್‌ಮೆಂಟ್ ತಪ್ಪಿ, ಇಲ್ಲವೇ ಶಾಕ್ ಅಬ್ಸಾರ್ಬರ್ ಸತ್ತು, ಹಿಂದಿನ ಟೈರಿನ ಗುಬ್ಬಿಗಳು ಒಂದು ಎತ್ತರ ಒಂದು ತಗ್ಗಾಗಿ ಸವೆದರೆ ಥೇಟ್ ಬೇರಿಂಗಿನದೇ ಸದ್ದು ಬರುತ್ತದೆ. ಅಂಗೈಯನ್ನು ಟೈರಿನ ಮೇಲೆ ಸುತ್ತಲೂ ಹಿಂದೊಮ್ಮೆ ಮುಂದೊಮ್ಮೆ ಸವರಿದರೆ ಆ ಏರಿಳಿತ ಕೈಗೆ ಸಿಗುತ್ತದೆ. ಹೆದ್ದಾರಿಯ ಹೊಸ ಡಾಂಬರಿನಿಂದ ಹಳೆಯ ತರಿತರಿ ರಸ್ತೆಗೆ ಇಳಿದಾಗ ಸದ್ದಿನ ಸ್ವರ ಬದಲಾದರೆ ಅನುಮಾನ ಟೈರಿನ ಮೇಲೆ. ರಸ್ತೆ ಯಾವುದಿದ್ದರೂ ವೇಗಕ್ಕೆ ತಕ್ಕಂತೆ ಏರಿಳಿಯುತ್ತ, ನ್ಯೂಟ್ರಲಿಗೆ ಹಾಕಿದರೂ ಹಾಗೇ ಉಳಿದರೆ ಬೇರಿಂಗಿನ ಮೇಲೆ. ಇಷ್ಟಕ್ಕೂ ತೀರ್ಮಾನ ಸಿಗದಿದ್ದರೆ ಹಿಂದಿನ ಟೈರುಗಳನ್ನು ಮುಂದಕ್ಕೆ ಹಾಕಿ ಓಡಿಸಿ. ಸದ್ದೂ ಮುಂದಕ್ಕೆ ಬಂದರೆ ಬೇರಿಂಗಿನ ದುಡ್ಡು ಉಳಿಯಿತು. ಇಷ್ಟು ಸರಳ ಪರೀಕ್ಷೆಯನ್ನು ಬಿಟ್ಟು ಡ್ರಮ್ ಬಿಚ್ಚಲು ಹೋಗುವುದು ನನಗೆ ಅರ್ಥವಾಗುವುದಿಲ್ಲ.

ಎಡವೋ ಬಲವೋ ಎಂಬುದರಲ್ಲಿ ಕಿವಿ ಬಹಳ ಮೋಸ ಮಾಡುತ್ತದೆ. ಕಾರಿನ ತಗಡಿನ ಪೆಟ್ಟಿಗೆಯೊಳಗೆ ಸದ್ದು ಸುತ್ತಾಡಿ ಬಲಗಡೆಯದು ಎಡಕ್ಕೆ ಕೇಳಿಸಬಹುದು. ಸಂಡೂರಿನ ಗುಡ್ಡದ ದಾರಿಯ ಉದ್ದನೆಯ ತಿರುವುಗಳಲ್ಲಿ ಗಮನಿಸಿ: ಬಲಕ್ಕೆ ತಿರುಗುವಾಗ ಭಾರ ಎಡ ಗಾಲಿಗಳ ಮೇಲೆ ಬೀಳುತ್ತದೆ, ಆಗ ಸದ್ದು ಏರಿದರೆ ಸಾಮಾನ್ಯವಾಗಿ ಎಡಗಡೆಯದೇ ಹೋಗಿರುತ್ತದೆ. ಇದೂ ಸುಳಿವು ಅಷ್ಟೇ. ತೀರ್ಪು ಸಿಗಬೇಕಾದದ್ದು ಗಾಡಿ ಎತ್ತಿದ ಮೇಲೆ. ಮುಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಬಿಟ್ಟು, ಹಿಂಭಾಗವನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ (ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಕೈ ಹಾಕಬೇಡಿ) ಒಂದು ಕೈಯಲ್ಲಿ ಗಾಲಿ ತಿರುಗಿಸುತ್ತ ಇನ್ನೊಂದು ಕೈಯನ್ನು ಕಾಯಿಲ್ ಸ್ಪ್ರಿಂಗಿನ ಮೇಲಿಡಿ. ಹಾಳಾದ ಬೇರಿಂಗಿನ ಗರಗರ ಸ್ಪ್ರಿಂಗಿನಲ್ಲಿ ಬೆರಳಿಗೆ ಸ್ಪಷ್ಟವಾಗಿ ತಾಗುತ್ತದೆ, ಕಿವಿಗೆ ಕೇಳದಿದ್ದರೂ. ಆಮೇಲೆ ಇನ್ನೊಂದು ಬದಿಯ ಗಾಲಿ. ಎರಡನ್ನೂ ಹೋಲಿಸದೆ ಹೇಳುವುದು ಊಹೆ. ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿ ‘ಪ್ಲೇ ಇಲ್ಲ, ಬೇರಿಂಗ್ ಗಟ್ಟಿ ಐತಿ’ ಎಂದು ಕಳಿಸುವುದೂ ಅಷ್ಟೇ ತಪ್ಪು. ಅಲುಗಾಟ ಕೊನೆಯ ಘಟ್ಟದಲ್ಲಿ ಬರುವುದು. ಸದ್ದು ಅದಕ್ಕಿಂತ ಸಾವಿರಾರು ಕಿಲೋಮೀಟರ್ ಮೊದಲೇ ಬಂದಿರುತ್ತದೆ.

‘ಒಂದು ಹೋಯ್ತು ಅಂದ್ರ ಜೋಡಿ ಹಾಕಿಬಿಡ್ರಿ’ ಎಂಬ ಸಲಹೆಯಲ್ಲಿ ನಿಜದ ಒಂದು ಚೂರು ಮಾತ್ರ ಇದೆ. ಒಂದೇ ಡ್ರಮ್ಮಿನೊಳಗೆ ಒಳಗೊಂದು ಹೊರಗೊಂದು ಬೇರಿಂಗ್ ಇದ್ದರೆ ಎರಡನ್ನೂ ಸೀಲಿನ ಸಮೇತ ಬದಲಿಸಲೇಬೇಕು. ಒಂದರ ಉಕ್ಕಿನ ಪುಡಿ ಇನ್ನೊಂದಕ್ಕೆ ಹೋಗಿರುತ್ತದೆ. ಆದರೆ ಎಡಗಡೆಯದು ಹೋದದ್ದಕ್ಕೆ ಬಲಗಡೆಯ ಚೆನ್ನಾಗಿರುವ, ಕಾರ್ಖಾನೆಯಲ್ಲಿ ಕೂರಿಸಿದ ಬೇರಿಂಗನ್ನು ಬಡಿದು ತೆಗೆಯುವುದು ನಷ್ಟ. ಬೇರಿಂಗ್ ಬ್ರೇಕ್ ಶೂ ಥರ ಎರಡೂ ಕಡೆ ಸಮನಾಗಿ ಸವೆಯಬೇಕಾದ ಸಾಮಾನಲ್ಲ. ಗಟ್ಟಿ ಇರುವುದನ್ನು ಗಟ್ಟಿ ಇರುವಷ್ಟು ದಿನ ಮುಟ್ಟಬಾರದು.

ಸರಿಯಾಗಿ ಕೂರಿಸುವುದು ಏನು ಮಹಾ ಕಷ್ಟವೆ? ಹೊಸಪೇಟೆಯಲ್ಲಿ ಹೈಡ್ರಾಲಿಕ್ ಪ್ರೆಸ್ ಇರುವ ಲೇಥ್ ಅಂಗಡಿಗಳಿಗೆ ಕೊರತೆ ಇಲ್ಲ. ಹಬ್ಬಿಗೆ ಇಳಿಸುವಾಗ ಹೊರರೇಸಿನ ಮೇಲೆ, ಶಾಫ್ಟಿಗೆ ಏರಿಸುವಾಗ ಒಳರೇಸಿನ ಮೇಲೆ ಒತ್ತಬೇಕು, ನಿಯಮ ಇದೊಂದೇ. ಒತ್ತಲು ಹೊಸ ಉಪಕರಣ ಬೇಕಿಲ್ಲ, ಕೆಡವಿದ ಹಳೆಯ ಬೇರಿಂಗಿನ ಹೊರರೇಸನ್ನೇ ಗ್ರೈಂಡರಿನಲ್ಲಿ ತುಸು ತೇಯ್ದು ಇಟ್ಟುಕೊಂಡರೆ ಅದೇ ಅಳತೆಯ ಬಳೆ ಸಿಕ್ಕಿತು. ರಾತ್ರಿ ಹೊಸ ಬೇರಿಂಗನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಫ್ರಿಜ್ಜಿನ ಮಂಜಿನ ಖಾನೆಯಲ್ಲಿಟ್ಟು, ಬೆಳಗ್ಗೆ ಡ್ರಮ್ಮನ್ನು ಬಿಸಿಲಿಗೆ ಕಾಯಿಸಿದರೆ ಇನ್ನೂ ಸುಲಭ. 47 ಮಿಲಿಮೀಟರ್ ಅಗಲದ ಬೇರಿಂಗಿಗೂ ಡ್ರಮ್ಮಿಗೂ ನಡುವೆ 60 ಡಿಗ್ರಿ ಅಂತರವಾದರೆ 0.03 ಮಿಲಿಮೀಟರಿನಷ್ಟು ಸಡಿಲ ಸಿಗುತ್ತದೆ. ಕೇಳಲು ಏನೂ ಅಲ್ಲ, ಆದರೆ ಬಿಗಿತದ ಬಹುಪಾಲು ಅಷ್ಟರಲ್ಲೇ ಇಳಿದಿರುತ್ತದೆ. ನಮ್ಮ ಏಪ್ರಿಲ್ ಬಿಸಿಲು ಈ ಕೆಲಸಕ್ಕೆ ಪುಕ್ಕಟೆ ಒಲೆ. ಗ್ಯಾಸ್ ವೆಲ್ಡಿಂಗಿನ ಬೆಂಕಿ ಹಿಡಿಯುವುದು ಮಾತ್ರ ಬೇಡ. ಎಬಿಎಸ್ ಇರುವ ಅನೇಕ ಕಾರುಗಳಲ್ಲಿ ಬೇರಿಂಗಿನ ಒಂದು ಬದಿಯ ಸೀಲಿನಲ್ಲಿ ಕಣ್ಣಿಗೆ ಕಾಣದ ಅಯಸ್ಕಾಂತದ ಪಟ್ಟಿ ಇರುತ್ತದೆ. ಆ ಮುಖ ಸೆನ್ಸರಿನ ಕಡೆಗೇ ಇರಬೇಕು. ತಿರುಗುಮುರುಗಾದರೆ ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತಿ ಮಾಡಿದ ಕೆಲಸ ಮತ್ತೆ ಮೊದಲಿಂದ. ಹಾಗೆಯೇ ಆ ಮುಖಕ್ಕೆ ಮ್ಯಾಗ್ನೆಟ್ ತಾಗಿಸಬಾರದು, ಕಬ್ಬಿಣದ ಪುಡಿ ಬಿದ್ದ ಮೇಜಿನ ಮೇಲೆ ಇಡಬಾರದು.

ನಟ್ಟಿನ ವಿಷಯಕ್ಕೆ ಬಂದರೆ ಬಿಗಿ ಹೆಚ್ಚಾದಷ್ಟೂ ಒಳ್ಳೆಯದು ಎಂಬ ನಂಬಿಕೆ. ಹಳೆಯ ಟೇಪರ್ ರೋಲರ್ ಬೇರಿಂಗಿನಲ್ಲಿ ಗಾಲಿ ತಿರುಗಿಸುತ್ತ ಬಿಗಿ ಮಾಡಿ, ಆಮೇಲೆ ತುಸು ಹಿಂದಕ್ಕೆ ಬಿಟ್ಟು, ಪಿನ್ ಹಾಕಬೇಕು. ಕೊಂಚ ಸಡಿಲ ಅದಕ್ಕೆ ಬೇಕು. ಈಗಿನ ಎರಡು ಸಾಲಿನ ಬೇರಿಂಗಿಗೆ ತದ್ವಿರುದ್ಧ: ಒಳರೇಸಿನ ಎರಡು ತುಂಡುಗಳನ್ನು ನಟ್ಟೇ ಒತ್ತಿ ಹಿಡಿಯಬೇಕು, ಕಂಪನಿ ಹೇಳಿದಷ್ಟೇ ಬಲದಿಂದ. ಕೆಲವು ಮಾದರಿಗಳಲ್ಲಿ 100 ನ್ಯೂಟನ್ ಮೀಟರಿಗಿಂತ ಕಡಿಮೆ, ಕೆಲವದರಲ್ಲಿ 200 ದಾಟುತ್ತದೆ. ಇದು ಟಾರ್ಕ್ ರೆಂಚ್ ಹೇಳಬೇಕಾದ ಮಾತು. ಪಾನಾಕ್ಕೆ ಪೈಪ್ ಸಿಕ್ಕಿಸಿ ಮೇಲೆ ನಿಂತು ಒದೆಯುವ ಕಾಲಿಗೆ ಅದು ಗೊತ್ತಾಗುವುದಿಲ್ಲ. ಅಂಚು ತಟ್ಟಿ ಲಾಕ್ ಮಾಡುವ ನಟ್ಟಾದರೆ ಪ್ರತಿ ಸಲ ಹೊಸದೇ ಹಾಕಬೇಕು. ನಟ್ಟು ಪೂರ್ತಿ ಬಿಗಿಯಾಗುವ ಮೊದಲು ಗಾಡಿಯನ್ನು ನೆಲಕ್ಕಿಳಿಸಿ ಅತ್ತಿತ್ತ ತಳ್ಳಬಾರದು, ಬೇರಿಂಗಿನ ಒಳಗಿನ ತುಂಡುಗಳು ಆಗಲೇ ಜರುಗಿಬಿಡುತ್ತವೆ.

ಹಬ್ಬಿನ ಬಗ್ಗೆ ಒಂದು ಮಾತು ಹೇಳದೆ ಇರಲಾರೆ, ಏಕೆಂದರೆ ಪದೇ ಪದೇ ಬೇರಿಂಗ್ ನುಂಗುವ ಗಾಲಿಗಳಲ್ಲಿ ಎಷ್ಟೋ ಸಲ ಕಾಯಿಲೆ ಇರುವುದು ಅಲ್ಲಿ. ಹಬ್ಬೋ ಡ್ರಮ್ಮೋ ಎಂದೆಂದಿಗೂ ಉಳಿಯುವ ಎರಕದ ಸಾಮಾನು, ಬದಲಾಗಬೇಕಾದದ್ದು ಬೇರಿಂಗ್ ಮಾತ್ರ ಎಂದು ಎಲ್ಲರೂ ನಂಬಿದ್ದಾರೆ. ಆದರೆ ನಾಲ್ಕಾರು ಸಲ ಬಡಿದು ತೆಗೆದು ಬಡಿದು ಹಾಕಿದ ಡ್ರಮ್ಮಿನ ರಂಧ್ರ ಗುಂಡಗೆ ಉಳಿದಿರುವುದಿಲ್ಲ. ಹೊಸ ಬೇರಿಂಗ್ ಕೈಯಲ್ಲಿ ತಳ್ಳಿದರೇ ಒಳಗೆ ಹೋಗುವಷ್ಟು ಸಡಿಲವಾಗಿರುತ್ತದೆ. ಆಗ ನಮ್ಮಲ್ಲಿ ಮಾಡುವುದೇನೆಂದರೆ ರಂಧ್ರದ ಗೋಡೆಗೆ ಸುತ್ತಲೂ ಪಂಚ್ ಇಟ್ಟು ಚುಕ್ಕೆ ಚುಕ್ಕೆ ಹೊಡೆಯುವುದು. ಪ್ರತಿ ಚುಕ್ಕೆಯ ಅಂಚಿನಲ್ಲಿ ಲೋಹ ಉಬ್ಬಿ ಬೇರಿಂಗ್ ಬಿಗಿಯಾದಂತೆ ಕಾಣುತ್ತದೆ. ವಾಸ್ತವದಲ್ಲಿ ಅದು ಆ ಉಬ್ಬುಗಳ ತುದಿಯ ಮೇಲೆ ನಿಂತಿರುತ್ತದೆ. ಆಧಾರ ಇಲ್ಲದ ಕಡೆ ಹೊರರೇಸ್ ಬಾಗುತ್ತದೆ, ಉಬ್ಬುಗಳು ಸವೆದ ಮೇಲೆ ಬೇರಿಂಗ್ ಇಡಿಯಾಗಿ ಡ್ರಮ್ಮಿನೊಳಗೆ ಸುತ್ತತೊಡಗುತ್ತದೆ. ಅಂಥ ಡ್ರಮ್ಮಿಗೆ ಎಂಥ ಒಳ್ಳೆಯ ಬೇರಿಂಗ್ ತಂದರೂ ದಂಡ. ಅದನ್ನು ಬದಲಿಸಲೇಬೇಕು. ಪಂಚಿನ ಚುಕ್ಕೆ ಕಂಡ ಡ್ರಮ್ಮನ್ನು ಯಜಮಾನರಿಗೆ ತೋರಿಸಿ ‘ಇದಕ್ಕೆ ನಾನು ಬೇರಿಂಗ್ ಹಾಕುವುದಿಲ್ಲ’ ಎನ್ನುವ ಮೆಕ್ಯಾನಿಕ್ ಸಿಕ್ಕರೆ ಅವರನ್ನು ಬಿಡಬೇಡಿ.

ಧೂಳಿಗಿಂತ ಹೆಚ್ಚು ಹೆದರಬೇಕಾದ ಹೊರಗಿನ ವೈರಿ ಇಲ್ಲಿ ಒಂದಿದೆ, ಅದು ನೀರು. ತುಂಗಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿಯ ಸೇತುವೆ ಮುಳುಗುವುದು ಗೊತ್ತೇ ಇದೆ. ಅಷ್ಟು ದೂರ ಹೋಗದೆಯೂ ಕಾಲುವೆ ಉಕ್ಕಿದ ಹಳ್ಳಿಯ ದಾರಿಗಳಲ್ಲಿ ಗಾಲಿಯ ಅರ್ಧದವರೆಗೆ ನೀರು ನಿಲ್ಲುತ್ತದೆ. ಓಡಿ ಬಂದು ಬಿಸಿಯಾದ ಹಬ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿನಿಂದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ವಾಟರ್ ಸರ್ವಿಸ್‌ನಲ್ಲಿ ಪ್ರೆಶರ್ ಪೈಪನ್ನು ಹಬ್ಬಿನ ನೆತ್ತಿಗೇ ಹಿಡಿಯುವುದರಿಂದಲೂ ಅದೇ ಅಪಾಯ. ನೀರಿಗಿಳಿದ ಗಾಡಿಯನ್ನು ವಾರಗಟ್ಟಲೆ ಮನೆಯ ಮುಂದೆ ನಿಲ್ಲಿಸಿದರೆ ತುಕ್ಕು ತನ್ನ ಕೆಲಸ ಮುಗಿಸಿಬಿಡುತ್ತದೆ.

ಇಷ್ಟೆಲ್ಲ ಹೇಳಿ ದೋಷವನ್ನು ಪೂರ್ತಿ ಗ್ಯಾರೇಜಿನ ತಲೆಗೆ ಕಟ್ಟುವುದು ಅನ್ಯಾಯ. ಲೇಥಿಗೆ ಕಳಿಸಿ ಪ್ರೆಸ್ ಮಾಡಿಸಿ ತರಲು ಹೊತ್ತು ಬೇಕು, ಅದಕ್ಕೆ ಬೇರೆ ಕೂಲಿ ಬೇಕು. “ಪ್ರೆಸ್ಸಿಗೆ ಕಳಸ್ಬೇಕ್ರಿ, ನಾಳೆ ಮುಂಜಾನಿ ಬರ್ರಿ” ಎಂದ ಹುಡುಗನಿಗೆ “ಅಷ್ಟೊತ್ತು ಯಾಕಪ್ಪ, ಇಲ್ಲೇ ಹೊಡದು ಕುಂದ್ರಿಸು” ಎನ್ನುವವರು ನಾವೇ. ಬೇರಿಂಗಿನ ಬೆಲೆಗೆ ಚೌಕಾಸಿ ಮಾಡದವರು ಕೂಲಿಗೆ ಮಾಡುತ್ತಾರೆ. ಹೀಗಿರುವಾಗ ಆತ ಸುತ್ತಿಗೆ ಎತ್ತದೆ ಇನ್ನೇನು ಎತ್ತಿಯಾನು? ಒಳ್ಳೆಯ ಕೆಲಸಕ್ಕೆ ಬೆಲೆ ಕೊಡಲು ಒಪ್ಪದ ಗಿರಾಕಿಗೂ ಧೂಳಿನ ನೆಪ ಅಷ್ಟೇ ಅನುಕೂಲ.

ಆದ್ದರಿಂದ ಗ್ಯಾರೇಜಿನವರಲ್ಲೂ ಗಿರಾಕಿಗಳಲ್ಲೂ ನನ್ನದೊಂದು ಬೇಡಿಕೆ. ಬೇರಿಂಗ್ ಬದಲಿಸಿದ ಬಿಲ್ಲಿನ ಮೇಲೆ ಅದರ ಪೂರ್ತಿ ನಂಬರ್, ಹಿಂದಿನ ಅಕ್ಷರಗಳ ಸಮೇತ, ಬರೆಯಲಿ. ಗಾಡಿ ಓಡಿದ ಕಿಲೋಮೀಟರ್ ಬರೆಯಲಿ. ಪ್ರೆಸ್ಸಿನಲ್ಲಿ ಕೂರಿಸಿದ್ದೋ ಸುತ್ತಿಗೆಯಲ್ಲೋ ಎಂದು ಬರೆಯಲಿ. ತೆಗೆದ ಬೇರಿಂಗನ್ನು ಗಿರಾಕಿ ಕೇಳಿ ಪಡೆಯಲಿ, ಸಾಧ್ಯವಾದರೆ ಕೊಯ್ಸಿ ಒಳಗೆ ಏನಿದೆ ಎಂದು ಇಬ್ಬರೂ ಒಟ್ಟಿಗೆ ನೋಡಲಿ: ತಗ್ಗೋ, ತುಕ್ಕೋ, ಬೂದುಬಣ್ಣವೋ. ಒಂದೇ ಅಂಗಡಿ ಎರಡು ವರ್ಷ ಹೀಗೆ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಟ್ಟರೂ ಸಾಕು, ಈ ಊರುಗಳಲ್ಲಿ ಬೇರಿಂಗ್ ತಿನ್ನುತ್ತಿರುವವರು ಯಾರೆಂದು ಗೊತ್ತಾಗುತ್ತದೆ. ಆ ಪುಟಗಳಲ್ಲಿ ಧೂಳೇ ಹೆಚ್ಚಾಗಿ ಕಂಡುಬಂದರೆ ನಾನು ಈ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.